ಕಪ್ಪು ಅಂದರೆ ಒಂದೇ ಕಪ್ಪಲ್ಲ: ಅವಧಿ ಮೀರಿದ ಡಬಲ್ ಎಯ್ಟ್ ರೀಲಿನ ಜೊತೆ ಮೂರು ವಾರ

ಪೆಟ್ಟಿಗೆಯ ಮೇಲಿದ್ದ ದಿನಾಂಕ 1970. ಅಷ್ಟರೊಳಗೆ ತೊಳೆಸಿಬಿಡಿ, ಅಂದರೆ ಡೆವಲಪ್ ಮಾಡಿಸಿಬಿಡಿ ಎಂದು ಅದರ ಅರ್ಥ. ಹಳದಿ ಪೆಟ್ಟಿಗೆಗಳು ಮೂರು, ಒಂದೊಂದರಲ್ಲೂ ಒಂದು ತಗಡಿನ ಡಬ್ಬಿ, ಡಬ್ಬಿಯೊಳಗೆ 25 ಅಡಿಯ ಕೊಡಾಕ್ರೋಮ್ ಟೂ ಎಂಬ ಬಣ್ಣದ ಫಿಲ್ಮ್. ಜೊತೆಗೆ ಕೀ ಕೊಟ್ಟು ಓಡಿಸುವ ಒಂದು ಸಿನಿ ಕ್ಯಾಮೆರಾ. ಬ್ಯಾಟರಿ ಇಲ್ಲ, ಬೆಳಕಳೆಯುವ ಮೀಟರ್ ಇಲ್ಲ. ಸ್ಪ್ರಿಂಗು ಮಾತ್ರ ಇನ್ನೂ ಗಟ್ಟಿಯಾಗಿತ್ತು. ಕೀ ತಿರುಗಿಸಿ ಬಟನ್ ಒತ್ತಿದರೆ ಮೂವತ್ತು ಸೆಕೆಂಡು ಒಂದೇ ಸಮ ಗರಗರ ಎನ್ನುತ್ತಿತ್ತು. ಕ್ಯಾಮೆರಾ ಓಡುತ್ತದೆ, ಫಿಲ್ಮ್ ಇದೆ, ಇನ್ನು ತೊಳೆದು ನೋಡದೆ ಇರುವುದು ಹೇಗೆ?

ನೋಡಿದೆ. ಮೂರು ವಾರ ಹಿಡಿಯಿತು, ಒಂದು ರೀಲು ಪರೀಕ್ಷೆಗೇ ಹೋಯಿತು, ಎರಡನೆಯದರಲ್ಲಿ ಚಿತ್ರ ಬಂತು. ಇದು ಅದರ ದಿನಚರಿ. ಎಲ್ಲೆಲ್ಲಿ ಎಡವಿದೆ ಎನ್ನುವುದನ್ನೂ ಬರೆದಿದ್ದೇನೆ, ಏಕೆಂದರೆ ಉಪಯೋಗಕ್ಕೆ ಬಂದದ್ದು ಆ ಭಾಗವೇ.

ಡಬಲ್ ಎಯ್ಟ್ ಗೊತ್ತಿಲ್ಲದವರಿಗೆ ಎರಡು ಮಾತು. 1932ರಲ್ಲಿ ಕೊಡಾಕ್ ಕಂಪನಿ ಮನೆಮಂದಿಗೆಂದು ತಂದ ಅಗ್ಗದ ಏರ್ಪಾಡು ಇದು. ಫಿಲ್ಮಿನ ಅಗಲ 16 ಮಿಲಿಮೀಟರೇ, ಆದರೆ ಅಂಚಿನ ತೂತುಗಳು ಎರಡರಷ್ಟು. ಕ್ಯಾಮೆರಾದಲ್ಲಿ ಮೊದಲ ಸಲ ಓಡಿದಾಗ ಅರ್ಧ ಅಗಲಕ್ಕೆ ಮಾತ್ರ ಬೆಳಕು ಬೀಳುತ್ತದೆ. ಆಮೇಲೆ ಸ್ಪೂಲನ್ನು ತೆಗೆದು ಮಗುಚಿ ಹಾಕಿ ಇನ್ನರ್ಧವನ್ನು ತೆಗೆಯಬೇಕು. ತೊಳೆದ ನಂತರ ಲ್ಯಾಬಿನವರು ನಡುವೆ ಸೀಳಿ, ಎರಡು ಪಟ್ಟಿಗಳನ್ನು ಅಂಟಿಸಿ 50 ಅಡಿ ಮಾಡಿ ಕೊಡುತ್ತಿದ್ದರು. ಅಡಿಗೆ 80 ಫ್ರೇಮ್. ಒಂದೊಂದು ಫ್ರೇಮ್ ಸುಮಾರು 4.8 × 3.5 ಮಿಲಿಮೀಟರ್, ಅಂದರೆ ಕಿರುಬೆರಳಿನ ಉಗುರಿಗಿಂತ ಚಿಕ್ಕದು. ಸೆಕೆಂಡಿಗೆ 16 ಫ್ರೇಮ್ ಓಡಿಸಿದರೆ ಇಡೀ ರೀಲಿಗೆ ನಾಲ್ಕು ನಿಮಿಷ ಚಿಲ್ಲರೆ.

ಡಬ್ಬಿ ತೆರೆಯುವ ಮುನ್ನ ಒಂದು ಹೆದರಿಕೆ ಇತ್ತು, ಹಳೆ ಫಿಲ್ಮ್ ಅಂದರೆ ಬೆಂಕಿ ಹತ್ತುವ ನೈಟ್ರೇಟ್ ಅಲ್ಲವೇ ಎಂದು. ಅಲ್ಲ. 8 ಮಿಲಿಮೀಟರ್ ಫಿಲ್ಮ್ ಹುಟ್ಟಿದ್ದೇ ಅಸಿಟೇಟ್ ಮೇಲೆ. ಅಸಿಟೇಟಿನ ಕಾಯಿಲೆ ಬೇರೆ: ಕೊಳೆಯಲು ಶುರುವಾದರೆ ವಿನೆಗರ್ ವಾಸನೆ ಹೊಡೆಯುತ್ತದೆ, ಕುಗ್ಗುತ್ತದೆ, ಮುರುಟುತ್ತದೆ. ಕುಗ್ಗಿದ ಫಿಲ್ಮನ್ನು ಕ್ಯಾಮೆರಾದ ಹಲ್ಲು ಹರಿದುಹಾಕುತ್ತದೆ. ಮೂರೂ ಡಬ್ಬಿಗಳನ್ನು ಕತ್ತಲಲ್ಲಿ ತೆರೆದು ಮೂಸಿದೆ. ತಗಡಿನ ವಾಸನೆ ಬಿಟ್ಟರೆ ಏನೂ ಇಲ್ಲ. ಬಳುಕಿಸಿದೆ, ಬಳುಕಿತು. ಸರಿ, ಮುಂದೆ ಹೋಗಬಹುದು.

ಬಣ್ಣದ ಆಸೆಯನ್ನು ಮೊದಲೇ ಬಿಟ್ಟಿದ್ದೆ. ಬೇರೆ ಕಲರ್ ಫಿಲ್ಮುಗಳಲ್ಲಿ ಬಣ್ಣ ಹುಟ್ಟಿಸುವ ಕಪ್ಲರ್ ಎಂಬ ರಾಸಾಯನಿಕ ಎಮಲ್ಷನ್ನಿನೊಳಗೇ, ಅಂದರೆ ಬೆಳಕು ಹಿಡಿಯುವ ಲೇಪದೊಳಗೇ ಕೂತಿರುತ್ತದೆ. ಕೊಡಾಕ್ರೋಮಿನಲ್ಲಿ ಅದಿಲ್ಲ. ಅದರೊಳಗಿರುವುದು ಒಂದರ ಮೇಲೊಂದು ಮೂರು ಕಪ್ಪು-ಬಿಳುಪು ಪದರಗಳು ಮಾತ್ರ. ಬಣ್ಣವನ್ನು ತೊಳೆಯುವಾಗ ಹೊರಗಿನಿಂದ ತುಂಬಬೇಕು. ಅದಕ್ಕೆ ಮೂರು ಬೇರೆಬೇರೆ ಡೆವಲಪರ್ (ಚಿತ್ರ ಮೂಡಿಸುವ ದ್ರಾವಣ) ಬೇಕು, ನಡುವೆ ಕೆಂಪು ಬೆಳಕು, ನೀಲಿ ಬೆಳಕು ಕೊಡಬೇಕು. ಅಡುಗೆಮನೆಯ ಸಿಂಕಿನಲ್ಲಿ ಆಗುವ ಕೆಲಸವಲ್ಲ. ನನ್ನ ರೀಲಿಗೆ ಬೇಕಿದ್ದ ಕೆ-12 ವಿಧಾನದ ಜಾಗಕ್ಕೆ 1974ರಲ್ಲೇ ಕೆ-14 ಬಂತು. ಅದನ್ನೂ ಮಾಡುತ್ತಿದ್ದ ಕೊನೆಯ ಲ್ಯಾಬು, ಅಮೆರಿಕದ ಕಾನ್ಸಾಸ್ ರಾಜ್ಯದ ಪಾರ್ಸನ್ಸ್ ಊರಿನದು, 2010ರ ಡಿಸೆಂಬರ್ 30ರಂದು ಫಿಲ್ಮ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹಾಗಾಗಿ ನನ್ನ ಕೈಯಲ್ಲಿದ್ದದ್ದು ಬಣ್ಣದ ಹೆಸರು ಹೊತ್ತ ಕಪ್ಪು-ಬಿಳುಪು ಫಿಲ್ಮ್. ಹಾಗೆಂದುಕೊಂಡೇ ಕೈ ಹಾಕಿದೆ.

ಮೊದಲ ಪ್ರಶ್ನೆ ವೇಗದ್ದು, ಅಂದರೆ ಫಿಲ್ಮ್ ಎಷ್ಟು ಬೇಗ ಬೆಳಕಿಗೆ ಸ್ಪಂದಿಸುತ್ತದೆ ಎನ್ನುವುದರದ್ದು. ಅದರ ಅಳತೆ ಎಎಸ್ಎ. ಹೊಸದಾಗಿದ್ದಾಗ ಇದು 25 ಎಎಸ್ಎ. ಹತ್ತು ವರ್ಷಕ್ಕೆ ಒಂದು ಸ್ಟಾಪ್ ಬೆಳಕು ಹೆಚ್ಚಿಗೆ ಕೊಡಿ, ಅಂದರೆ ಬೆಳಕನ್ನು ಎರಡರಷ್ಟು ಮಾಡಿ ಎಂಬ ಗಾದೆಯಂಥ ಮಾತೊಂದು ಹಳೆ ಫಿಲ್ಮಿನವರ ಬಾಯಲ್ಲಿದೆ. ಐವತ್ತು ವರ್ಷಕ್ಕೆ ಐದು ಸ್ಟಾಪ್ ಎಂದರೆ 25 ಎಎಸ್ಎ ಇಳಿದು ಒಂದಕ್ಕಿಂತ ಕೆಳಗೆ ಬಂತು. ನನಗೆ ಆ ಲೆಕ್ಕದ ಮೇಲೆ ನಂಬಿಕೆ ಇಲ್ಲ. ನಿಧಾನದ ಫಿಲ್ಮಿನ ಬೆಳ್ಳಿಯ ಕಣ ಚಿಕ್ಕದು, ಶಾಖಕ್ಕೂ ಹಿನ್ನೆಲೆ ವಿಕಿರಣಕ್ಕೂ ಸುಲಭವಾಗಿ ಮಣಿಯುವುದಿಲ್ಲ. ವೇಗದ ಫಿಲ್ಮ್ ಮಣಿಯುತ್ತದೆ. ಡಬ್ಬಿಯನ್ನು ಎಲ್ಲಿಟ್ಟಿದ್ದರು ಎನ್ನುವುದೂ ಅಷ್ಟೇ ಮುಖ್ಯ: ತಣ್ಣನೆಯ ನೆಲಮನೆಯಲ್ಲೋ, ಬಿಸಿಲಿಗೆ ಕಾಯುವ ಸೂರಿನ ಕೆಳಗೋ. ಅದನ್ನು ಹೇಳುವವರು ಯಾರೂ ಇಲ್ಲ. ಅದಕ್ಕೇ ಒಂದು ರೀಲನ್ನು ಬಲಿ ಕೊಡುವುದು ಎಂದು ತೀರ್ಮಾನಿಸಿದೆ.

ಬಿಸಿಲಲ್ಲಿ ಒಂದು ಗೋಡೆ, ಗೋಡೆಗೆ ಒರಗಿಸಿದ ಸೈಕಲ್ಲು, ಸೈಕಲ್ಲಿನ ಮೇಲೆ ಒಂದು ಬಿಳಿ ಟವೆಲ್, ಕೆಳಗೆ ನೆರಳು. 16 ಫ್ರೇಮಿನ ವೇಗದಲ್ಲಿ ಈ ಕ್ಯಾಮೆರಾದ ಶಟರ್ ಸೆಕೆಂಡಿನ ಮೂವತ್ತೈದನೇ ಒಂದು ಭಾಗದ ಆಸುಪಾಸು. ಹೊಸ ಫಿಲ್ಮಾಗಿದ್ದರೆ ಈ ಬಿಸಿಲಿಗೆ ಎಫ್ 11 ಸಾಕು (ಎಫ್ ಸಂಖ್ಯೆ ಇಳಿದಷ್ಟೂ ಲೆನ್ಸಿನ ಕಿಂಡಿ ದೊಡ್ಡದು). ನಾನು ಎಫ್ 11ರಿಂದ ಶುರುಮಾಡಿ 8, 5.6, 4, 2.8, ಕೊನೆಗೆ ಲೆನ್ಸ್ ಪೂರಾ ತೆರೆದು 1.9, ಹೀಗೆ ಆರು ಮೆಟ್ಟಿಲು ಇಳಿದೆ. ಒಂದೊಂದಕ್ಕೆ ಮೂರು ಸೆಕೆಂಡು. ಕೊನೆಯಲ್ಲಿ ಲೆನ್ಸಿಗೆ ಅಂಗೈ ಮುಚ್ಚಿ ಎರಡು ಸೆಕೆಂಡು. ಇದು ಒಂದು ಏಣಿ. ಒಂದು ಫ್ರೇಮಿಗೆ 3.81 ಮಿಲಿಮೀಟರ್ ಲೆಕ್ಕದಲ್ಲಿ ಏಣಿಯ ಉದ್ದ 122 ಸೆಂಟಿಮೀಟರ್. ಇಂಥ ಆರು ಏಣಿಗಳು 25 ಅಡಿಯೊಳಗೆ ಚೊಕ್ಕವಾಗಿ ಕೂತವು. ರೀಲನ್ನು ಮಗುಚಲಿಲ್ಲ, ಇನ್ನರ್ಧ ಅಗಲಕ್ಕೆ ಬೆಳಕನ್ನೇ ತೋರಿಸಲಿಲ್ಲ. ಅದನ್ನು ಹಾಗೇ ಬಿಟ್ಟದ್ದು ಆಮೇಲೆ ದೊಡ್ಡ ಉಪಕಾರ ಮಾಡಿತು.

ಏಣಿಗಳನ್ನು ಕತ್ತಲಲ್ಲಿ ಕತ್ತರಿಸಬೇಕಲ್ಲ? ಒಂದು ಹಲಗೆಗೆ 122 ಸೆಂಟಿಮೀಟರ್ ಅಂತರದಲ್ಲಿ ಎರಡು ಮೊಳೆ ಹೊಡೆದೆ. ಸ್ಪೂಲಿನ ಹೊರಸುತ್ತಿನ ನಾಲ್ಕಡಿ ಲೀಡರು, ಅದು 25 ಅಡಿಯ ಲೆಕ್ಕಕ್ಕೆ ಸೇರದ, ಕ್ಯಾಮೆರಾಗೆ ಹಾಕಿ ತೆಗೆಯುವಾಗ ಬೆಳಕು ತಿನ್ನುವ ಭಾಗ, ಅದನ್ನು ಕಿತ್ತುಹಾಕಿ, ಉಳಿದದ್ದನ್ನು ಮೊಳೆಯಿಂದ ಮೊಳೆಗೆ ಎಳೆದು ಕತ್ತರಿಸುತ್ತಾ ಹೋದೆ. ಎರಡು ಬೆರಳು ಆಚೀಚೆ ಆದರೂ ಅಂಗೈ ಮುಚ್ಚಿದ ಭಾಗ ಇದೆಯಲ್ಲ, ಅದು ಕಾಯುತ್ತದೆ.

ಮೊದಲ ಪಟ್ಟಿಯನ್ನು ಡಿ-76 ಎಂಬ ಡೆವಲಪರಿನಲ್ಲಿ ನೀರು ಬೆರೆಸದೆ, 20 ಡಿಗ್ರಿಯಲ್ಲಿ ಒಂಬತ್ತು ನಿಮಿಷ ತೊಳೆದು, ಡೆವಲಪ್ ಆಗದ ಬೆಳ್ಳಿಯನ್ನು ಕರಗಿಸುವ ಹೈಪೋಗೆ ಹಾಕಿ, ದೀಪ ಹಚ್ಚಿದೆ.

ಕಪ್ಪು. ಆ ತುದಿಯಿಂದ ಈ ತುದಿಗೆ ಒಂದೇ ಕಪ್ಪು. ಟ್ಯೂಬ್‌ಲೈಟಿಗೆ ಹಿಡಿದರೂ ಒಂದು ಚೂರು ಬೆಳಕು ಆಚೆಗೆ ದಾಟಲಿಲ್ಲ. ಫಿಲ್ಮ್ ತೊಳೆಯುವ ಟ್ಯಾಂಕು ಕೊಟ್ಟ ಗೆಳೆಯ ಪಕ್ಕದಲ್ಲೇ ನಿಂತಿದ್ದ.

"ಸತ್ತ ಫಿಲ್ಮ್ ಕಣೋ ಇದು. ಹೆಣಕ್ಕೆ ಸ್ನಾನ ಮಾಡಿಸಿದ್ರೆ ಎದ್ದು ಕೂತ್ಕೊಳ್ಳುತ್ತಾ?"

"ಫಾಗ್ ಆಗಿದ್ರೂ ಇಷ್ಟು ಕಪ್ಪಾಗಲ್ಲ ಮಾರಾಯ. ಒಂದಿಷ್ಟಾದ್ರೂ ಬೆಳಕು ದಾಟ್ಬೇಕಿತ್ತು."

ಫಾಗ್ ಅಂದರೆ ಬೆಳಕು ಬೀಳದೆಯೂ ಫಿಲ್ಮಿಗೆ ಹಿಡಿಯುವ ಕಪ್ಪು. ಹಾಗೆ ಹೇಳುತ್ತಲೇ ಪಟ್ಟಿಯನ್ನು ಬೆರಳಲ್ಲಿ ಉಜ್ಜುತ್ತಿದ್ದೆ. ಹೆಬ್ಬೆರಳು ನೋಡಿಕೊಂಡರೆ ಮಸಿ! ಓಟು ಹಾಕಿ ಬಂದವನ ಹಾಗೆ ಉಗುರಂಚಿನವರೆಗೂ ಕಪ್ಪು. ಆಗ ಹೊಳೆಯಿತು: ರೆಮ್‌ಜೆಟ್. ಕೊಡಾಕ್ರೋಮಿನ ಬೆನ್ನಿಗೆ ಇಂಗಾಲದ ಪುಡಿಯ ಒಂದು ಲೇಪ ಇರುತ್ತದೆ. ಫಿಲ್ಮ್ ದಾಟಿದ ಬೆಳಕು ಹಿಂದಿನಿಂದ ಪುಟಿದು ಬಂದು ಚಿತ್ರದ ಸುತ್ತ ಪ್ರಭಾವಳಿ ಕಟ್ಟದಿರಲಿ, ಓಡುವಾಗ ಸ್ಥಾಯೀ ವಿದ್ಯುತ್ತು ಕಿಡಿ ಹಾರಿಸದಿರಲಿ ಎಂದು. ಲ್ಯಾಬಿನಲ್ಲಿ ಅದನ್ನು ಮೊಟ್ಟಮೊದಲೇ ತೆಗೆಯುತ್ತಿದ್ದರು. ಓದಿ ತಿಳಿದಿದ್ದೆ, ಆದರೆ ಕೈ ಮರೆತಿತ್ತು. ಬಿಸಿನೀರಿಗೆ ವಾಷಿಂಗ್ ಸೋಡಾ ಕದಡಿ, ಸ್ಪಂಜಿನಲ್ಲಿ ಬೆನ್ನಿನ ಕಡೆ ಒರೆಸಿದೆ. ಮಸಿ ಕರಗಿ ಬಕೆಟ್ಟಿನ ನೀರೆಲ್ಲ ಶಾಯಿಯಾಯಿತು. ಇಲ್ಲಿ ಎಚ್ಚರ: ಯಾವುದು ಬೆನ್ನು, ಯಾವುದು ಎಮಲ್ಷನ್ ಎಂದು ತಿಳಿದೇ ಒರೆಸಬೇಕು. ಒದ್ದೆಯಾದ ಎಮಲ್ಷನ್ ಬೆರಳಿಗೆ ಅಂಟಂಟು. ಆ ಕಡೆ ಸ್ಪಂಜು ತಗುಲಿದರೆ ಮಸಿ ಅದರೊಳಕ್ಕೆ ಇಳಿಯುತ್ತದೆ, ಮತ್ತೆ ಬರುವುದಿಲ್ಲ. ನನ್ನ ಮೊದಲ ಪಟ್ಟಿಯ ಒಂದು ಗೇಣು ಹಾಗೇ ಹೋಯಿತು.

ಮೊದಲ ಕಪ್ಪು ಹೀಗೆ ತೊಳೆದುಹೋಯಿತು. ಅದರ ಕೆಳಗೆ ಎರಡನೆಯದು ಕಾದಿತ್ತು.

ಒರೆಸಿದ ಪಟ್ಟಿ ಈಗ ಒಣಗಿದ ಎಲೆಯ ಬಣ್ಣಕ್ಕೆ ಬಂದಿತ್ತು, ಕಂದು-ಹಳದಿ. ಎಫ್ 2.8 ಮತ್ತು 1.9ರ ಮೆಟ್ಟಿಲುಗಳಲ್ಲಿ ಸೈಕಲ್ಲಿನ ಚಕ್ರ ಕಂಡೂ ಕಾಣದ ಹಾಗೆ. ಉಳಿದ ನಾಲ್ಕರಲ್ಲಿ ಏನೂ ಇಲ್ಲ. ಇದನ್ನೆಲ್ಲ ವಯಸ್ಸಿನ ಫಾಗ್ ಎಂದು ಬರೆದಿಟ್ಟು ಮಲಗಿದ್ದೆ. ರಾತ್ರಿ ಇದು ಕೊರೆಯುತ್ತಲೇ ಇತ್ತು. ಡೆವಲಪರ್ ಹುಟ್ಟಿಸಿದ ಬೆಳ್ಳಿ ಬೂದು ಇರಬೇಕು. ಹಳದಿ ಯಾಕೆ?

ಬೆಳಿಗ್ಗೆ ಎರಡನೇ ಪಟ್ಟಿಯ ಬಾಲದಿಂದ ಒಂದು ತುಂಡು ಕತ್ತರಿಸಿ, ಡೆವಲಪರ್ ತೋರಿಸದೆ ನೇರ ಹೈಪೋಗೆ ಹಾಕಿದೆ, ಮಸಿ ಒರೆಸಿದೆ. ಡೆವಲಪ್ ಆಗದ ಮೇಲೆ ಫಾಗ್ ಕೂಡ ಇರಬಾರದು, ಗಾಜಿನ ಹಾಗೆ ತಿಳಿಯಾಗಬೇಕು. ಆಗಲಿಲ್ಲ. ಹಳದಿಯಾಗೇ ಉಳಿಯಿತು. ಅಲ್ಲಿಗೆ ಒಗಟು ಒಡೆಯಿತು. ಕೊಡಾಕ್ರೋಮಿನ ಮೂರು ಪದರಗಳಲ್ಲಿ ಎಲ್ಲಕ್ಕಿಂತ ಮೇಲಿನದು ನೀಲಿಗೆ ಮೀಸಲು. ಕೆಳಗಿನವೂ ನೀಲಿಗೆ ಸ್ಪಂದಿಸುತ್ತವೆ, ಆದ್ದರಿಂದ ನೀಲಿ ಬೆಳಕು ಕೆಳಗಿಳಿಯದಂತೆ ನಡುವೆ ಒಂದು ಹಳದಿ ಜರಡಿ ಇಟ್ಟಿದ್ದಾರೆ. ಅದು ಅತಿ ನುಣ್ಣನೆಯ ಬೆಳ್ಳಿಯ ಕಣಗಳದ್ದು. ಬಣ್ಣದ ವಿಧಾನದಲ್ಲಿ ಕೊನೆಗೆ ಬರುವ ಬ್ಲೀಚು ಉಳಿದ ಬೆಳ್ಳಿಯ ಜೊತೆ ಇದನ್ನೂ ತೆಗೆಯುತ್ತಿತ್ತು. ನೆಗೆಟಿವ್ ಮಾಡುವವನ ಹಾದಿಯಲ್ಲಿ ಬ್ಲೀಚ್ ಇಲ್ಲ, ಹಾಗಾಗಿ ಜರಡಿ ಅಲ್ಲೇ ಕೂತಿರುತ್ತದೆ. ಹೊಸ ಫಿಲ್ಮನ್ನು ಹೀಗೆ ತೊಳೆದಿದ್ದರೂ ಇದೇ ಹಳದಿ ಬರುತ್ತಿತ್ತು. ಇದರಲ್ಲಿ ವಯಸ್ಸಿನ ತಪ್ಪೇನೂ ಇಲ್ಲ.

ಈ ಹಾದಿ ಹಿಡಿಯುವವರು ಬೇರೇನು ಬಿಟ್ಟರೂ ಈ ಒಂದು ತುಂಡಿನ ಪರೀಕ್ಷೆಯನ್ನು ಬಿಡಬೇಡಿ. ತೊಳೆಯದೆ ಬರೀ ಹೈಪೋ ಕಂಡ ತುಂಡು ಒಂದು ಕೈಯಲ್ಲಿ, ಬೆಳಕು ಕಾಣದೆ ಡೆವಲಪ್ ಆದ ತುಂಡು ಇನ್ನೊಂದು ಕೈಯಲ್ಲಿ. ಎರಡರ ನಡುವಿನ ವ್ಯತ್ಯಾಸವಷ್ಟೇ ನಿಜವಾದ ಫಾಗ್. ಬೆಳಕು ಕಾಣದ ತುಂಡಿಗೆ ನಾನು ಹುಡುಕಬೇಕಾಗಿರಲಿಲ್ಲ. ರೀಲು ಮಗುಚದೆ ಬಿಟ್ಟಿದ್ದರಿಂದ ಪ್ರತಿ ಪಟ್ಟಿಯ ಅರ್ಧ ಅಗಲ ಉದ್ದಕ್ಕೂ ಅದೇ ಇತ್ತು, ಚಿತ್ರದ ಪಕ್ಕದಲ್ಲೇ.

ಅಳೆಯಲು ನನ್ನ ಬಳಿ ಡೆನ್ಸಿಟೊಮೀಟರ್ ಇಲ್ಲ. ಎಲ್ಇಡಿ ಪ್ಯಾನೆಲ್ ಮೇಲೆ ತುಂಡುಗಳನ್ನಿಟ್ಟು ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದು, ಪ್ಯಾನೆಲ್ಲಿನ ಬಿಳಿ ಹೊಳಪಿಗೆ ಸಮ ಬರಲು ಎಷ್ಟು ಸ್ಟಾಪ್ ಹೆಚ್ಚು ಕೊಡಬೇಕಾಯಿತೆಂದು ಬರೆದುಕೊಂಡೆ. ನೀಲಿ ಬೆಳಕಿನಲ್ಲಿ ಹಳದಿ ಜರಡಿಯ ತುಂಡು ಎರಡು ಸ್ಟಾಪಿಗೂ ಹೆಚ್ಚು ನುಂಗಿತು. ಕೆಂಪಿನಲ್ಲಿ ಲೆಕ್ಕಕ್ಕೇ ಸಿಗದಷ್ಟು. ಅಂದರೆ ಕೊನೆಯಲ್ಲಿ ಫಿಲ್ಮನ್ನು ಕೆಂಪು ಬೆಳಕಿನಲ್ಲಿ ಸ್ಕ್ಯಾನ್ ಮಾಡಿದರೆ ಹಳದಿ ಜರಡಿ ಇದ್ದರೂ ಇಲ್ಲದ ಹಾಗೆಯೇ. ಯಾವ ರಾಸಾಯನಿಕವೂ ಬೇಡ. ಅದೇ ಮೊದಲ ಪಟ್ಟಿಯನ್ನು ಕೆಂಪು ಎಲ್ಇಡಿಗೆ ಹಿಡಿದೆ. ಹಿಂದಿನ ದಿನ ಕಾಣದಿದ್ದ ಎಫ್ 4ರ ಮೆಟ್ಟಿಲಿನಲ್ಲೂ ಟವೆಲ್ಲಿನ ಆಕಾರ ಎದ್ದು ನಿಂತಿತ್ತು. ಗೆಳೆಯನಿಗೆ ಫೋಟೊ ಕಳಿಸಿದೆ. "ಹೆಣ ಎದ್ದು ಕೂತಿದೆ" ಎಂದಷ್ಟೇ ಬರೆದೆ.

ಉಳಿದದ್ದು ಮೂರನೇ ಕಪ್ಪು, ಅಸಲಿ ಫಾಗ್. ಅರ್ಧ ಶತಮಾನದಲ್ಲಿ ಶಾಖ ಮತ್ತು ವಿಕಿರಣ ಸೇರಿ, ಬೆಳಕು ಬೀಳದ ಕಣಗಳನ್ನೂ ಬೆಳಕು ಬಿದ್ದವುಗಳಂತೆ ಮಾಡಿಟ್ಟಿರುತ್ತವೆ. ಡೆವಲಪರಿಗೆ ಎರಡರ ಭೇದ ತಿಳಿಯುವುದಿಲ್ಲ. ಚಿತ್ರ ತೆಳ್ಳಗಿದೆ ಎಂದಾಗ ಎಲ್ಲರ ಕೈಯೂ ಮೊದಲು ಹೋಗುವುದು ಗಡಿಯಾರದ ಕಡೆಗೆ, ಇನ್ನೊಂದೈದು ನಿಮಿಷ ಇರಲಿ ಬಿಡು ಎಂದು. ನಾನೂ ಅದನ್ನೇ ಮಾಡಿದೆ. ಮೂರನೇ ಪಟ್ಟಿಗೆ ಅದೇ ಡಿ-76ರಲ್ಲಿ ಹದಿನಾಲ್ಕು ನಿಮಿಷ. ಚಿತ್ರವೇನೋ ದಟ್ಟವಾಯಿತು, ಪಕ್ಕದ ಖಾಲಿ ಅರ್ಧ ಅದಕ್ಕಿಂತ ದಟ್ಟವಾಯಿತು. ಎರಡರ ಅಂತರ ಮೊದಲಿಗಿಂತ ಕಮ್ಮಿ. ಐದು ನಿಮಿಷ ಹೆಚ್ಚಿಗೆ ಕಾದು ಪಡೆದದ್ದು ನಷ್ಟ.

ಹಾಗಾದರೆ ಉಲ್ಟಾ ಹೋಗೋಣ ಎಂದುಕೊಂಡೆ: ಜೋರಾದ ಡೆವಲಪರ್, ಕಮ್ಮಿ ಸಮಯ, ಕಮ್ಮಿ ಶಾಖ, ಮೇಲೆ ಫಾಗಿಗೆ ಕಡಿವಾಣ. ಡಿ-19 ಎಂಬ ಜೋರು ಡೆವಲಪರನ್ನು ಮನೆಯಲ್ಲೇ ಕಲಸಬಹುದು. ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 90, ಹೈಡ್ರೋಕ್ವಿನೋನ್ 8, ಸೋಡಿಯಂ ಕಾರ್ಬೊನೇಟ್ ಮೊನೊಹೈಡ್ರೇಟ್ 52.5, ಪೊಟ್ಯಾಷಿಯಂ ಬ್ರೋಮೈಡ್ 5. ಇದೇ ಕ್ರಮದಲ್ಲಿ, ಒಂದು ಪೂರ್ತಿ ಕರಗಿದ ಮೇಲೆ ಇನ್ನೊಂದು. ಮೆಟಾಲ್ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಗ್ಲೌಸ್ ಹಾಕಿಕೊಳ್ಳಿ. ಕಡಿವಾಣಕ್ಕೆ ಬೆಂಜೊಟ್ರಯಜೋಲ್, ಶೇಕಡಾ 1ರ ದ್ರಾವಣ, ಲೀಟರಿಗೆ 20 ಮಿಲಿ. ಅದು ಬೆಳ್ಳಿಯ ಕಣಗಳ ಮೈಗೆ ಅಂಟಿಕೊಂಡು ಡೆವಲಪರನ್ನು ತಡೆಯುತ್ತದೆ. ಗಟ್ಟಿ ಬೆಳಕು ಬಿದ್ದ ಕಣ ಆ ತಡೆಯನ್ನು ಹಾಯುತ್ತದೆ, ಅರೆಬರೆ ಫಾಗ್ ಆದದ್ದು ಹಿಂದುಳಿಯುತ್ತದೆ. ಇದಕ್ಕೊಂದು ಬೆಲೆಯಿದೆ: ಬೆಳಕು ಸ್ವಲ್ಪ ಬಿದ್ದ ಕಣಗಳೂ ಹಿಂದುಳಿಯುವುದರಿಂದ ಫಿಲ್ಮ್ ಇನ್ನೂ ನಿಧಾನವಾಗುತ್ತದೆ.

ನಾಲ್ಕನೇ ಪಟ್ಟಿ ಬರೀ ಡಿ-19ರಲ್ಲಿ, 20 ಡಿಗ್ರಿ, ಆರು ನಿಮಿಷ. ಕಾಂಟ್ರಾಸ್ಟ್ ಚೆನ್ನಾಗಿತ್ತು, ಫಾಗೂ ಧಾರಾಳವಾಗಿತ್ತು. ಐದನೇ ಪಟ್ಟಿಗೆ ಬೆಂಜೊಟ್ರಯಜೋಲ್ ಸೇರಿಸಿ, 18 ಡಿಗ್ರಿ, ಐದು ನಿಮಿಷ. ಎಫ್ 5.6ರವರೆಗಿನ ಮೆಟ್ಟಿಲುಗಳು ಪೂರ್ತಿ ಮಾಯ. ಎಫ್ 4 ತೆಳ್ಳಗೆ. ಎಫ್ 2.8ರಲ್ಲಿ ಚಕ್ರದ ಕಡ್ಡಿಗಳನ್ನು ಒಂದೊಂದಾಗಿ ಎಣಿಸಬಹುದಿತ್ತು! ಪಕ್ಕದ ಖಾಲಿ ಅರ್ಧ ಮೊದಲ ಪಟ್ಟಿಯದಕ್ಕಿಂತ ತಿಳಿ. 11ರಿಂದ 2.8ಕ್ಕೆ ನಾಲ್ಕು ಸ್ಟಾಪ್. ಅಂದರೆ ನನ್ನ ಕೈಯಲ್ಲಿರುವುದು ಸುಮಾರು ಒಂದೂವರೆ ಎಎಸ್ಎ ವೇಗದ ಫಿಲ್ಮ್. ಗಾದೆ ಹೇಳಿದ್ದಕ್ಕಿಂತ ಒಂದು ಸ್ಟಾಪ್ ಉತ್ತಮ, ಅದೂ ಬೆಂಜೊಟ್ರಯಜೋಲಿನ ದಂಡ ಕಟ್ಟಿದ ಮೇಲೆ.

ಆರನೇ ಪಟ್ಟಿಯನ್ನು ಹಠಕ್ಕೆ ರಿವರ್ಸಲ್ ಮಾಡಲು ಹೋದೆ, ಪ್ರೊಜೆಕ್ಟರಿನಲ್ಲಿ ನೇರ ಓಡಿಸುವ ಪಾಸಿಟಿವ್ ಬಂದರೆ ಎಷ್ಟು ಚೆನ್ನ ಎಂದು. ಮೊದಲ ಡೆವಲಪರ್, ಆಮೇಲೆ ಪೊಟ್ಯಾಷಿಯಂ ಪರ್ಮ್ಯಾಂಗನೇಟ್ ಮತ್ತು ಗಂಧಕಾಮ್ಲದ ಬ್ಲೀಚು. ನೀರಿಗೆ ಆಮ್ಲ ಸುರಿಯಬೇಕು, ಆಮ್ಲಕ್ಕೆ ನೀರು ಎಂದಿಗೂ ಅಲ್ಲ. ಬ್ಲೀಚು ಹಳದಿ ಜರಡಿಯನ್ನು ಅಳಿಸಿತು, ನಿಜ. ಜೊತೆಗೆ ಮುದಿ ಜೆಲಟಿನ್ನನ್ನೂ ಮೆತ್ತಗೆ ಮಾಡಿತು. ತೊಳೆಯುವಾಗ ಅಂಚಿನಲ್ಲಿ ನೆರಿಗೆ ಎದ್ದಿತು. ನೋಡನೋಡುತ್ತ ಎಮಲ್ಷನ್ ಹಾಲಿನ ಕೆನೆಯ ಹಾಗೆ ಜಾರಿ ಸಿಂಕಿಗೆ ಹೋಯಿತು. ಅದು ಉಳಿದಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. ರಿವರ್ಸಲ್‌ನಲ್ಲಿ ಚಿತ್ರದ ಕಪ್ಪು ಕಟ್ಟುವುದು ಮೊದಲ ಡೆವಲಪರ್ ಮುಟ್ಟದೆ ಉಳಿಸಿದ ಕಣಗಳಿಂದ. ಫಾಗ್ ಅವುಗಳಲ್ಲಿ ಅರ್ಧವನ್ನು ಮೊದಲೇ ತಿಂದಿರುತ್ತದೆ, ಕಪ್ಪು ಬೂದಿಯಾಗುತ್ತದೆ. ನೆಗೆಟಿವಿನಲ್ಲಾದರೆ ಅದೇ ಫಾಗ್ ಒಂದು ಸಮನಾದ ಮುಸುಕು. ದೀಪ ಜೋರು ಮಾಡಿದರೆ ದಾಟಬಹುದು.

ಎರಡನೇ ರೀಲನ್ನು ಕ್ಯಾಮೆರಾಗೆ ಹಾಕಿದ್ದು ನೆರಳಲ್ಲಿ, ಮೈಮೇಲೆ ಕಂಬಳಿ ಹೊದ್ದು. ಒಂದೂವರೆ ಎಎಸ್ಎ ಅಂದರೆ ಬಿಸಿಲು ಬಿಟ್ಟು ಬೇರೆ ಗತಿಯಿಲ್ಲ. ಮೋಡ ಬಂದರೆ ಕೆಲಸ ನಿಲ್ಲಿಸಿ ಕೂರಬೇಕು. ಫಾಗ್ ಮೊದಲು ನುಂಗುವುದು ನೆರಳಿನ ವಿವರವನ್ನು. ಆದ್ದರಿಂದ ನೆರಳಲ್ಲಿ ಕಳೆದುಕೊಳ್ಳುವಂಥದ್ದೇನೂ ಇಲ್ಲದ ದೃಶ್ಯಗಳನ್ನೇ ಆರಿಸಿಕೊಂಡೆ. ತಂತಿಯ ಮೇಲೆ ಗಾಳಿಗೆ ಉಬ್ಬುವ ಬಿಳಿ ಬಟ್ಟೆಗಳು, ನಲ್ಲಿಯಿಂದ ಬೀಳುವ ನೀರು, ತಲೆಕೆಳಗಾಗಿಟ್ಟ ಸೈಕಲ್ಲಿನ ತಿರುಗುವ ಚಕ್ರ, ಗೋಡೆಯ ಮೇಲೆ ಕುಪ್ಪಳಿಸುವ ಕಾಗೆ. ಕಾಗೆಯದು ನನ್ನ ಆಯ್ಕೆಯಲ್ಲ, ತಾನಾಗಿ ಬಂತು. ಎಲ್ಲ ಎಫ್ 2.8, ಬಿಸಿಲು ಸ್ವಲ್ಪ ಇಳಿದಾಗ 1.9. ನಡುವೆ ಒಮ್ಮೆ ಫಿಲ್ಮ್ ಒಳಗೆ ಕಿರ್ರೆಂದು ಕೂಗಿ ಓಟ ನಿಧಾನವಾಯಿತು. ಸುರುಳಿ ಬಿಗಿದುಕೊಂಡಿತ್ತು. ಕ್ಯಾಮೆರಾವನ್ನು ಅಂಗೈಗೆ ಎರಡು ಸಲ ಮೆಲ್ಲಗೆ ತಟ್ಟಿದೆ, ಸರಿಹೋಯಿತು. ಅರ್ಧ ಮುಗಿದ ಮೇಲೆ ಮತ್ತೆ ಕಂಬಳಿಯೊಳಗೆ ಹೊಕ್ಕು ಮಗುಚಿ ಹಾಕಿದೆ.

ಸೂಪರ್ ಎಯ್ಟ್ ಕಾರ್ಟ್ರಿಜ್ ಇಟ್ಟುಕೊಂಡವರಿಗೆ ಇಲ್ಲೇ ಒಂದು ಮಾತು. 1965ರಲ್ಲಿ ಬಂದ ಆ ಡಬ್ಬಿಯಲ್ಲಿ ಮಗುಚುವ ರಗಳೆ ಇಲ್ಲ. ಆದರೆ ಅದರ ಅಂಚಿನ ಕಚ್ಚು ನೋಡಿ ಫಿಲ್ಮಿನ ವೇಗವನ್ನು ಕ್ಯಾಮೆರಾ ತಾನೇ ನಿರ್ಧರಿಸುತ್ತದೆ, ಹೊಸ ಫಿಲ್ಮಿನ ವೇಗವನ್ನು. ಅದನ್ನು ನಂಬಿ ತೆಗೆದರೆ ಮುಗಿಯಿತು ಕತೆ. ಅಪರ್ಚರನ್ನು ಕೈಯಿಂದ ತಿರುಗಿಸಲು ಬರುವ ಕ್ಯಾಮೆರಾವೇ ಬೇಕು. ಒಳಗಿರುವುದು ಕಪ್ಪು-ಬಿಳುಪು ರಿವರ್ಸಲ್ ಫಿಲ್ಮಾದರೆ ಮಸಿಯ ಕಾಟವೂ ಇರುವುದಿಲ್ಲ.

ತೊಳೆದ ರಾತ್ರಿಯಲ್ಲಿ ನಿಜವಾದ ಕಷ್ಟ ರಾಸಾಯನಿಕದ್ದಲ್ಲ, ಸ್ಪೈರಲ್ಲಿನದು. ಗೆಳೆಯನ ಟ್ಯಾಂಕು ಸೋವಿಯತ್ ಕಾಲದ್ದು, ಹತ್ತು ಮೀಟರ್ ಹಿಡಿಯುವ ಪ್ಲಾಸ್ಟಿಕ್ ಸುರುಳಿ. ಐವತ್ತು ವರ್ಷ ಸುತ್ತಿಕೊಂಡೇ ಇದ್ದ ಫಿಲ್ಮಿಗೆ ಅದೇ ಮೈಕಟ್ಟು. ಒಂದು ಸುತ್ತು ಕೂರಿಸಿದರೆ ಇನ್ನೊಂದು ಚಿಮ್ಮಿ ಹೊರಬರುತ್ತದೆ. ಕತ್ತಲಲ್ಲಿ ನಲವತ್ತು ನಿಮಿಷ. ಬೆವರು ಮೂಗಿನ ತುದಿಯಿಂದ ಫಿಲ್ಮಿಗೆ ಬೀಳದಿರಲಿ ಎಂದು ತಲೆ ಹಿಂದಕ್ಕೆ ಮಾಡಿಕೊಂಡು, ಬೆರಳುಗಳನ್ನೇ ಕಣ್ಣು ಮಾಡಿಕೊಂಡು ಕೂತಿದ್ದೆ. ಕಿತ್ತಿಟ್ಟ ಲೀಡರಿನಲ್ಲಿ ಹಗಲು ಹೊತ್ತು ಹತ್ತು ಸಲ ಅಭ್ಯಾಸ ಮಾಡಿದ್ದರಿಂದ ಅಷ್ಟರಲ್ಲೇ ಮುಗಿಯಿತು.

ಮೊದಲು ಮಸಿ ಸಡಿಲಿಸುವ ನೀರು: ಲೀಟರಿಗೆ ಬಿಳಿಗಾರ 20 ಗ್ರಾಂ, ಸೋಡಿಯಂ ಸಲ್ಫೇಟ್ 100, ಕಾಸ್ಟಿಕ್ ಸೋಡಾ 1 ಗ್ರಾಂ. ಸಿನಿಮಾ ಲ್ಯಾಬುಗಳು ಬಳಸುವ ಪಾಕವೇ ಇದು. ಸಲ್ಫೇಟ್ ಇರುವುದು ಜೆಲಟಿನ್ ಊದಿಕೊಳ್ಳದಿರಲೆಂದು, ಮತ್ತು ಮಸಿ ಅಲ್ಲೇ ಕರಗಿ ಎಮಲ್ಷನ್ ಮೇಲೆ ಕೂರದೆ ಆಮೇಲಿನ ನೀರಿನಲ್ಲಿ ಕಳಚಿಕೊಳ್ಳಲೆಂದು. ಒಂದು ನಿಮಿಷ ಇಟ್ಟು ಚೆಲ್ಲಿ, ನೀರು ತುಂಬಿ ಜೋರಾಗಿ ಕುಲುಕಿದೆ. ಮೊದಲ ನೀರು ಶಾಯಿ, ಏಳನೆಯದು ತಿಳಿ. ಆಮೇಲೆ ಐದನೇ ಪಟ್ಟಿಯ ಪಾಕ, ಅದೇ 18 ಡಿಗ್ರಿ, ಐದು ನಿಮಿಷ, ಮೊದಲ ನಿಮಿಷ ಬಿಡದೆ ತಿರುಗಿಸಿ ನಂತರ ಅರ್ಧ ನಿಮಿಷಕ್ಕೊಮ್ಮೆ. ನೀರು. ಹೈಪೋ ಹತ್ತು ನಿಮಿಷ: ಲೀಟರಿಗೆ 250 ಗ್ರಾಂ ಹರಳು, 25 ಗ್ರಾಂ ಮೆಟಾಬೈಸಲ್ಫೈಟ್. ದೀಪ ಹಚ್ಚಿ, ಅರ್ಧ ಗಂಟೆ ಹರಿಯುವ ನೀರು. ಉಳಿದ ಮಸಿಯ ಚುಕ್ಕೆಗಳನ್ನು ಮೇಜಿನ ಮೇಲೆ ಒದ್ದೆ ಸ್ಪಂಜಿನಲ್ಲಿ ಬೆನ್ನಿನ ಕಡೆಯಿಂದ ಒರೆಸಿ, ಕೋಣೆಯ ಅಡ್ಡಡ್ಡ ಕಟ್ಟಿದ ದಾರಕ್ಕೆ ಬಟ್ಟೆ ಕ್ಲಿಪ್ಪು ಹಾಕಿ ಒಣಗಲು ಬಿಟ್ಟೆ. ಬಾಗಿಲು ಹಾಕಿ, ಫ್ಯಾನ್ ಆರಿಸಿ. ಫ್ಯಾನ್ ಇದ್ದರೆ ಮನೆಯ ಧೂಳೆಲ್ಲ ಫಿಲ್ಮಿಗೇ ಅಂಟುತ್ತದೆ.

ಒಂದು ಕಡೆ ಒಂದು ಗೇಣಿನಷ್ಟು ಮಚ್ಚೆ. ಸ್ಪೈರಲ್ಲಿನಲ್ಲಿ ಎರಡು ಸುತ್ತು ಒಂದಕ್ಕೊಂದು ತಗುಲಿ ಕೂತಿದ್ದವು, ಅಲ್ಲಿಗೆ ಡೆವಲಪರೂ ಹೋಗಿಲ್ಲ, ಹೈಪೋನೂ ಹೋಗಿಲ್ಲ. ಕಾಗೆ ಹಾರುವ ಕ್ಷಣ ಸರಿಯಾಗಿ ಅಲ್ಲೇ ಇತ್ತು.

ಸೀಳಲಿಲ್ಲ. 16 ಮಿಲಿಮೀಟರ್ ಅಗಲದಲ್ಲೇ, ಹಳೆ ಪ್ರೊಜೆಕ್ಟರಿನಿಂದ ಬಿಚ್ಚಿದ ಗೇಟು, ಹಿಂದೆ ಕೆಂಪು ಎಲ್ಇಡಿ, ಮುಂದೆ ಮ್ಯಾಕ್ರೊ ಲೆನ್ಸ್. ಎರಡೂ ಅರ್ಧಗಳು ಒಂದೇ ಫೋಟೊದಲ್ಲಿ ಬರುವುದರಿಂದ 4000 ಫ್ರೇಮಿಗೆ 2000 ಸಲ ಒತ್ತಿದರೆ ಸಾಕು. ಸಾಕು ಎಂದು ಬರೆಯುವುದು ಸುಲಭ, ನಾಲ್ಕು ಸಂಜೆ ಹಿಡಿಯಿತು. ಸ್ಪೂಲು ಮಗುಚಿದ್ದರಿಂದ ಎರಡನೇ ಅರ್ಧ ತಲೆಕೆಳಗಾಗಿ, ಹಿಂದುಮುಂದಾಗಿ ಓಡುತ್ತಿರುತ್ತದೆ. ಕಂಪ್ಯೂಟರಿನಲ್ಲಿ 180 ಡಿಗ್ರಿ ತಿರುಗಿಸಿ, ಸರಣಿಯನ್ನು ಕೊನೆಯಿಂದ ಮೊದಲಿಗೆ ಜೋಡಿಸಬೇಕು. ನಾನು ತಿರುಗಿಸಿದ್ದೆ, ಸರಣಿ ಮರೆತಿದ್ದೆ. ನೀರು ಬಕೆಟ್ಟಿನಿಂದ ಎದ್ದು ನಲ್ಲಿಯೊಳಗೆ ಹೋಗುವುದನ್ನು ನೋಡಿ ಮನೆಯವರೆಲ್ಲ ನಕ್ಕರು.

ಚಿತ್ರ ಹೇಗಿದೆ? ಕಣಕಣವಾಗಿ, ಮರಳಿನ ಮೇಲೆ ಬರೆದ ಹಾಗೆ. ಬಿಳಿ ಬಟ್ಟೆಗಳು ಚೆನ್ನಾಗಿವೆ, ಮಡಿಕೆಗಳು ಕಾಣುತ್ತವೆ. ನೆರಳುಗಳಲ್ಲಿ ಏನೂ ಇಲ್ಲ. ನಾನು ನಿರೀಕ್ಷಿಸದೆ ಬಂದದ್ದು ಒಂದು ಮಿಡಿತ. ಚಿತ್ರ ತಾಳಬದ್ಧವಾಗಿ ಮಂಕಾಗಿ ಮತ್ತೆ ಬೆಳಗುತ್ತದೆ, ಮೊದಲರ್ಧದ ಶುರುವಿನಲ್ಲಿ ಎರಡೂವರೆ ಸೆಕೆಂಡಿಗೊಮ್ಮೆ, ಹೋಗುತ್ತಾ ಹೋಗುತ್ತಾ ಬೇಗಬೇಗ, ಆ ಅರ್ಧದ ಕೊನೆಗೆ ಸೆಕೆಂಡಿಗೊಮ್ಮೆ. ಮೊದಲು ಸ್ಪ್ರಿಂಗಿನ ದೋಷ ಎಂದುಕೊಂಡೆ. ಆಮೇಲೆ ಸ್ಕೇಲು ಹಿಡಿದು ಅಳೆದೆ. ಸ್ಪೂಲಿನ ಹೊರಸುತ್ತು 16 ಸೆಂಟಿಮೀಟರ್ ಹತ್ತಿರ, ಅಂದರೆ 41 ಫ್ರೇಮ್, ಎರಡೂವರೆ ಸೆಕೆಂಡು. ಒಳಸುತ್ತು ಆರು ಸೆಂಟಿಮೀಟರ್ ಚಿಲ್ಲರೆ, 16 ಫ್ರೇಮ್, ಒಂದು ಸೆಕೆಂಡು. ಡಬ್ಬಿಯೊಳಗೆ ಕೂತಿದ್ದಾಗ ಸುರುಳಿಯ ಒಂದು ಮಗ್ಗುಲಿಗೆ ಹೆಚ್ಚು ಫಾಗ್ ಹಿಡಿದಿದೆ. ಪ್ರತಿ ಸುತ್ತಿಗೂ ಆ ಮಗ್ಗುಲು ಒಮ್ಮೆ ಬಂದು ಹೋಗುತ್ತದೆ. ಸಾಫ್ಟ್‌ವೇರಿನಲ್ಲಿ ಇದನ್ನು ಸರಿಮಾಡಬಹುದು. ಮಾಡಲಿಲ್ಲ, ಚಕ್ರ ತಿರುಗುವ ದೃಶ್ಯಕ್ಕೆ ಅದು ಚೆನ್ನಾಗೇ ಹೊಂದುತ್ತದೆ.

ಮೂರನೇ ಡಬ್ಬಿ ಈಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಫ್ರಿಜ್ಜಿನಲ್ಲಿದೆ. ಮುಚ್ಚಳಕ್ಕೆ ಕಾಗದ ಅಂಟಿಸಿ ಪೆನ್ಸಿಲಿನಲ್ಲಿ ಬರೆದಿದ್ದೇನೆ: "ಒಂದೂವರೆ ಎಎಸ್ಎ. ಬಿಸಿಲು, ಎಫ್ 2.8. ಮೊದಲು ಮಸಿ. ಡಿ-19 ಜೊತೆ ಬೆಂಜೊ, 18 ಡಿಗ್ರಿ, 5 ನಿಮಿಷ. ಕೆಂಪು ದೀಪ. ಸುತ್ತುಗಳು ತಗುಲದಂತೆ ಬೆರಳಾಡಿಸಿ ನೋಡು. ಕಾಗೆ ಬಾಕಿ ಇದೆ."